ಮದುಮಗಳ ಕುರ್ಚಿ

ಪಡುಮನೆಗೆ ಬರುವವರೆಲ್ಲ ಮೊದಲು ಬಂದು ನಿಲ್ಲುತ್ತಿದ್ದದ್ದು ನೀಲಾವತಿಯ ಅಂಗಳದಲ್ಲಿ. ಸಿದ್ಧಕಟ್ಟೆಯಿಂದ ಒಳಗೆ ತಿರುಗಿದ ಡಾಮರು ರಸ್ತೆ ಮುಗಿಯುವಲ್ಲಿ ಎರಡು ಮನೆಗಳ ಗೇಟುಗಳು ಅಕ್ಕಪಕ್ಕದಲ್ಲೇ ಇದ್ದವು. ಫೋನಿನ ಮ್ಯಾಪಿನಲ್ಲಿ ಪಡುಮನೆಯ ಗುರುತು ಹೇಗೋ ಜಾರಿ ಬಂದು ಇವಳ ತುಳಸಿಕಟ್ಟೆಯ ಮೇಲೆ ಕೂತುಬಿಟ್ಟಿತ್ತು. ಶುಕ್ರವಾರ ಸಂಜೆಯಾಯಿತೆಂದರೆ ಒಂದಾದರೂ ಕಾರು ಇವಳ ಗೇಟು ದಾಟಿ ಒಳಗೆ ಬರುವುದು, ಯಾರಾದರೂ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು, "ಆಂಟಿ, ಚೆಕ್-ಇನ್ ಇಲ್ಲೇನಾ?" ಎಂದು ಕೇಳುವುದು. ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ನೀಲಾವತಿ ಕೈ ನಿಲ್ಲಿಸದೆ, "ಇಲ್ಲಿ ಅಲ್ಲ, ಮುಂದಿನ ಗೇಟು," ಎನ್ನುವಳು.

"ಒಂದು ಬೋರ್ಡು ಹಾಕುವ," ಎನ್ನುತ್ತಿದ್ದ ಗಂಡ ಸಂಕಪ್ಪ. "ಇಲ್ಲಿ ಬೀಡಿ ಮಾತ್ರ ಸಿಗ್ತದೆ, ರೂಮು ಇಲ್ಲ ಅಂತ."

"ಹಾಕಿದರೆ ಬೀಡಿ ಕೇಳ್ಲಿಕ್ಕೂ ಬರ್ತಾರೆ. ಸುಮ್ಮನಿರಿ."

ಪಡುಮನೆ ಊರಿನ ಜಮೀನ್ದಾರರಾದ ಭರತರಾಜ ದನಿಗಳದ್ದು. ಜೈನರ ಹಳೆಯ ಮನೆ, ದಪ್ಪ ಗೋಡೆ, ಎದುರಿಗೆ ಚಾವಡಿ. ದನಿಗಳ ಮಂಡಿನೋವು ಜೋರಾದ ಮೇಲೆ ಅವರೂ ಹೆಂಡತಿ ವಿಮಲಾ ಅವರೂ ಮೂಡುಬಿದಿರೆಗೆ ಹೋಗಿ, ಬಸದಿಗೆ ಹತ್ತಿರವಾಗುವಂತೆ ಸಣ್ಣ ಮನೆ ಮಾಡಿದ್ದರು. ಖಾಲಿ ಬಿದ್ದರೆ ಗೆದ್ದಲು ತಿನ್ನುತ್ತದೆ ಎಂದು ಮಗ ರಿಷಭ್ ಮನೆಯನ್ನು ಹೋಮ್‌ಸ್ಟೇ ಮಾಡಿದ. ಹಿಂದಿನ ಅಂಗಳದಲ್ಲಿ ನೀಲಿ ಬಣ್ಣದ ಈಜುಕೊಳ ಬಂತು. ಬೀಗದ ಕೈಯನ್ನು ಗೋಡೆಗೆ ಬಡಿದ ಸಣ್ಣ ಪೆಟ್ಟಿಗೆಯಲ್ಲಿಟ್ಟು, ಅದನ್ನು ತೆರೆಯುವ ನಂಬರನ್ನು ಫೋನಿಗೇ ಕಳುಹಿಸುವ ವ್ಯವಸ್ಥೆ ಬಂತು. ಮನೆಯವರ ಮುಖ ನೋಡುವ ಅಗತ್ಯವೇ ಬರುವವರಿಗೆ ಇರಲಿಲ್ಲ.

ಬಂದವರು ಕೆಟ್ಟವರೇನೂ ಅಲ್ಲ. ಆದರೆ ಅವರಿಗೆ ಪಕ್ಕದಲ್ಲಿ ಒಂದು ಮನೆ ಉಂಟು ಎಂಬುದೇ ಕಾಣುತ್ತಿರಲಿಲ್ಲ. ಸ್ಪೀಕರಿನ ಹೊಡೆತಕ್ಕೆ ಇವಳ ಅಡುಗೆಮನೆಯ ತಟ್ಟೆಗಳು ಗುಂಯ್ಗುಡುತ್ತಿದ್ದವು. ಕೆಂಪುಕಲ್ಲಿನ ಗೋಡೆ ಕಟ್ಟಿ ಬೆನ್ನು ಸೋತು ಬಂದ ಸಂಕಪ್ಪ ಕಿವಿಗೆ ಹತ್ತಿ ಇಟ್ಟು ಮಲಗುವುದನ್ನು ರೂಢಿ ಮಾಡಿಕೊಂಡ. ಮಗ ಮನೀಷ್ ಇದ್ದ ದಿನ ಬೇಲಿಯ ಹತ್ತಿರ ನಿಂತು, "ಅಣ್ಣಾ, ಸ್ವಲ್ಪ ಸೌಂಡು ಕಮ್ಮಿ ಮಾಡ್ತೀರಾ?" ಎಂದು ಕೇಳುತ್ತಿದ್ದ. ದಾರಿ ತಪ್ಪಿ ಅಂಗಳಕ್ಕೆ ನುಗ್ಗಿದ ಕಾರುಗಳನ್ನು ಹಿಂದಕ್ಕೆ ತೆಗೆಸಿ ಗೇಟು ಹಾಕುತ್ತಿದ್ದವನೂ ಅವನೇ.

ರಿಷಭನಿಗೆ ದೂರು ಹೇಳು ಎಂದು ಸಂಕಪ್ಪ ಹೇಳಿದಾಗಲೆಲ್ಲ ನೀಲಾವತಿ ಬೇಡ ಎನ್ನುತ್ತಿದ್ದಳು. ಅದಕ್ಕೆ ಕಾರಣ ವಿಮಲಕ್ಕ.

ನೀಲಾವತಿಯ ಮೊದಲ ಮಗು ಹೆಣ್ಣು. ಸುರಕ್ಷಾ ಎಂದು ಹೆಸರಿಟ್ಟಿದ್ದರು. ಹೊಸ್ತಿಲು ಹಿಡಿದು ಎದ್ದು ನಿಲ್ಲಲು ಕಲಿತಿದ್ದ ಕೂಸಿಗೆ ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿ ಕಣ್ಣು ಮೇಲಾಯಿತು. ಸಂಕಪ್ಪ ಕೆಲಸಕ್ಕೆ ಹೋಗಿದ್ದ. ಬೇಲಿ ದಾಟಿ ಓಡಿ ಬಂದವರು ವಿಮಲಕ್ಕ. ತಮ್ಮ ಜೀಪಿನಲ್ಲಿ ಮಗುವನ್ನು ಎತ್ತಿಕೊಂಡು ಕೂತು ಮೂಡುಬಿದಿರೆಯ ಆಸ್ಪತ್ರೆಗೆ ಹೊರಟರು. ಆಸ್ಪತ್ರೆ ತಲುಪಲಿಲ್ಲ. ಮಗು ಹೋದದ್ದು ವಿಮಲಕ್ಕನ ಮಡಿಲಿನಲ್ಲಿ. ಆ ಮೇಲೆ ಎಷ್ಟೋ ಕಾಲ ಅವರು ಆ ಸೀರೆಯನ್ನು ಉಡಲಿಲ್ಲ.

ಬದುಕಿದ್ದರೆ ಸುರಕ್ಷಾಳಿಗೆ ಈಗ ಮದುವೆಯ ವಯಸ್ಸು ದಾಟುತ್ತಿತ್ತು. ಹೋದ ಮಕ್ಕಳು ಹೋದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದರೆ ಅವರಿಗೂ ಜೊತೆ ಬೇಕೆನಿಸುತ್ತದೆ ಎಂಬುದು ಇಲ್ಲಿಯ ನಂಬಿಕೆ. ಮನೀಷನಿಗೆ ನೋಡಿದ ಸಂಬಂಧಗಳು ಮಾತಿನವರೆಗೆ ಬಂದು ಬಂದು ಮುರಿಯುವಾಗ ಸಂಕಪ್ಪ ಜೋಯಿಸರಲ್ಲಿ ಪ್ರಶ್ನೆ ಕೇಳಿಸಿದ. ಮನೆಯ ದೊಡ್ಡ ಮಗಳು ಕಾದು ಕೂತಿದ್ದಾಳೆ, ಅವಳದ್ದು ಮುಗಿಸಿ ಎಂದು ಬಂತು. ನೀಲಾವತಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವಳಿಗೆ ಕನಸು ಬೀಳುತ್ತಿತ್ತು. ಮುಖ ಕಾಣದ ಒಬ್ಬಳು ಹೊಸ್ತಿಲು ಹಿಡಿದು ನಿಂತಿರುವ ಕನಸು.

ಹೋದ ಮಗಳಿಗೆ ಗಂಡು ಹುಡುಕುವುದು ಬದುಕಿರುವ ಮಗಳಿಗೆ ಹುಡುಕುವುದಕ್ಕಿಂತ ಕಷ್ಟ. ಅದೇ ಜಾತಿಯಾಗಬೇಕು, ಬೇರೆ ಬರಿ, ಅಂದರೆ ಬೇರೆ ಗೋತ್ರ, ಆಗಬೇಕು, ಅವಳಂತೆಯೇ ಸಣ್ಣ ಪ್ರಾಯದಲ್ಲಿ ತೀರಿಕೊಂಡ ಹುಡುಗನಾಗಬೇಕು, ಅವನ ಮನೆಯವರಿಗೂ ಮನಸ್ಸು ಬರಬೇಕು. ಎರಡು ಮಳೆಗಾಲ ವಿಚಾರಿಸಿದ ಮೇಲೆ ಪುಂಜಾಲಕಟ್ಟೆಯ ಗುಲಾಬಿ ಎಂಬವಳ ಮಗ ಯತೀಶನ ಸುದ್ದಿ ಬಂತು. ಮೂರು ವರ್ಷದವನಿದ್ದಾಗ ಬಾವಿಗೆ ಬಿದ್ದು ಹೋದವನು. ಗುಲಾಬಿ ಹೆಣ್ಣು ಕೇಳಲು ಬಂದಳು. ಇಬ್ಬರು ತಾಯಂದಿರೂ ಚಹಾ ಮುಂದಿಟ್ಟುಕೊಂಡು ಕೂತರು. ಕೊನೆಗೆ ಗುಲಾಬಿ, "ನಮ್ಮವನು ಸ್ವಲ್ಪ ಹಟದವ ಅಕ್ಕ, ಆದರೆ ಮನಸ್ಸು ಒಳ್ಳೆಯದು," ಎಂದಳು. ನೀಲಾವತಿಗೆ ಸಂಬಂಧ ಅಲ್ಲಿಗೇ ಒಪ್ಪಿಗೆಯಾಯಿತು.

ಇಂಥ ಮದುವೆ ನಡೆಯುವುದು ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ. ಬದುಕಿರುವವರ ಶುಭಕಾರ್ಯಕ್ಕೆ ಆಗದ ತಿಂಗಳು ಹೋದವರಿಗೆ ಆಗುತ್ತದೆ. ಮದುವೆಯಾಗದವರೂ ಮಕ್ಕಳೂ ಅದನ್ನು ನೋಡಬಾರದು. ನೋಡಿದರೆ ಅವರ ಮದುವೆಯ ಯೋಗ ತಪ್ಪುತ್ತದೆ, ಹೋದವರು ಅವರ ಬೆನ್ನಿಗೆ ಬೀಳುತ್ತಾರೆ ಎನ್ನುವುದುಂಟು. ಜಾತಿಯವರ ಇಂಥ ಕಾರ್ಯ ನಡೆಸಿಕೊಡುವ ಗುರಿಕಾರ ಹುಕ್ರಪ್ಪ ಬಂದು ಆಟಿ ಹದಿನೆಂಟು, ಶುಕ್ರವಾರ ಮುಸ್ಸಂಜೆ ಎಂದು ದಿನ ಕಟ್ಟಿದ.

ಶುಕ್ರವಾರ ಎಂದ ಕೂಡಲೆ ನೀಲಾವತಿಯ ಕಣ್ಣು ಪಡುಮನೆಯ ಕಡೆಗೆ ಹೋಯಿತು. ಅವಳು ಮೂಡುಬಿದಿರೆಗೆ ಬಸ್ಸು ಹತ್ತಿದಳು.

ವಿಮಲಕ್ಕ ಕೇಳಿ ಕಣ್ಣು ಒರೆಸಿಕೊಂಡರು. "ನನ್ನ ಮಡಿಲಿನಿಂದ ಹೋದ ಕೂಸು ನೀಲು. ನಾನು ಬರದೆ ಇರ್ತೇನಾ? ಮದುಮಕ್ಕಳಿಗೆ ನಮ್ಮ ಚಾವಡಿಯ ಕೈ ಇರುವ ಕುರ್ಚಿಗಳನ್ನೇ ಇಡು, ಪ್ಲಾಸ್ಟಿಕ್ ಬೇಡ."

"ಕುರ್ಚಿ ಇರಲಿ ಅಕ್ಕ. ಆ ದಿನ ಮಾತ್ರ ಅಲ್ಲಿ ಯಾರೂ ಬಾರದ ಹಾಗೆ..."

"ಒಂದು ನರಪಿಳ್ಳೆಯೂ ಬರುವುದಿಲ್ಲ. ಆಟಿ ಹದಿನೆಂಟು ಅಲ್ವಾ? ಈಗಲೇ ರಿಷಭನಿಗೆ ಹೇಳ್ತೇನೆ." ನೀಲಾವತಿಯ ಎದುರಿನಲ್ಲೇ ಮಗನಿಗೆ ಫೋನು ಮಾಡಿದರು. ಸರಿ ಅಮ್ಮ, ಆ ದಿನ ಬುಕಿಂಗ್ ಬಂದ್ ಮಾಡ್ತೇನೆ ಎಂದು ರಿಷಭ್ ಹೇಳಿದ್ದು ನೀಲಾವತಿಗೂ ಕೇಳಿಸಿತು.

ಮದುವೆಯ ದಿನ ಬೆಳಿಗ್ಗೆಯೇ ಮನೀಷನನ್ನು ಮಾಣಿಯ ಸ್ನೇಹಿತನ ಮನೆಗೆ ಕಳುಹಿಸಿದರು. ಮದುವೆಯಾಗದ ತಮ್ಮ ಅಕ್ಕನ ಮದುವೆಗೆ ಇರುವಂತಿಲ್ಲ. ಬೈಕು ಹತ್ತುವ ಮೊದಲು ಅವನು ಚಪ್ಪರವನ್ನು ಒಮ್ಮೆ ನೋಡಿ, "ಚಂದ ಮಾಡಿ ಕಳಿಸಿ ಅಮ್ಮ," ಎಂದ.

ಮಳೆ ಬಿಟ್ಟಿತ್ತು. ಬಾವಿಕಟ್ಟೆಯಲ್ಲಿ ಬೇಳೆ ತೊಳೆಯುವಾಗ ನೀಲಾವತಿ ಪಡುಮನೆಯ ಮಾಡಿನ ಕೆಳಗೆ ಬಿಳಿ ಹಾಸುಬಟ್ಟೆಗಳನ್ನು ಒಣಹಾಕಿದ್ದನ್ನು ಕಂಡಳು. ಜನ ಬರುವ ದಿನ ಗುಡಿಸಲು ಬರುವ ಹೆಂಗಸು ಹಾಕುವ ಬಟ್ಟೆಗಳು. ಕಂಡರೂ ಅವಳ ಮನಸ್ಸು ಪಾಯಸದ ಬೆಲ್ಲದ ಮೇಲಿತ್ತು.

ವಿಮಲಕ್ಕ ಬಂದಾಗ ಇನ್ನೂ ಬಿಸಿಲಿತ್ತು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಹಾಗಾಗಿ ನೀಲಾವತಿ ಅವರಿಗೆ ಮೊದಲೇ ಎಲೆ ಹಾಕಿ ಅನ್ನ, ಮನೋಳಿ ಪಲ್ಯ, ಹೆಸರುಬೇಳೆ ಪಾಯಸ ಬಡಿಸಿದಳು.

"ಪಾಯಸ ಹೇಗೆ ಆಗಿದೆ ಅಕ್ಕ?"

"ಮಗಳ ಮದುವೆಯ ಪಾಯಸ. ಇನ್ನು ಹೇಗೆ ಆಗ್ತದೆ?" ಎಂದು ವಿಮಲಕ್ಕ ಇನ್ನೊಂದು ಸೌಟು ಹಾಕಿಸಿಕೊಂಡರು.

ಮುಸ್ಸಂಜೆಗೆ ಪುಂಜಾಲಕಟ್ಟೆಯ ದಿಬ್ಬಣ ಬಂತು. ಗುಲಾಬಿ, ಅವಳ ಗಂಡ, ನಾಲ್ಕೈದು ಮಂದಿ ನೆಂಟರು. ವಾದ್ಯವಿಲ್ಲ, ಸದ್ದಿಲ್ಲ. ಆದರೂ ಬೆಲ್ಲ ನೀರು ಕೊಟ್ಟು, ಕಾಲಿಗೆ ನೀರು ಕೊಟ್ಟು, ಮದುವೆಯ ಮನೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಚಪ್ಪರದ ಕೆಳಗೆ ಪಡುಮನೆಯ ಎರಡು ಮರದ ಕುರ್ಚಿಗಳು. ಬಲಗಡೆಯದರ ಮೇಲೆ ಗುಲಾಬಿ ಮಗನಿಗೆಂದು ತಂದ ಬಿಳಿ ಅಂಗಿ, ಪಂಚೆ, ಶಾಲು ಇಟ್ಟು, ಶಾಲಿನ ಮಡಿಕೆಯನ್ನು ಭುಜ ಸರಿಪಡಿಸುವ ಹಾಗೆ ಸರಿಪಡಿಸಿದಳು. ಆಮೇಲೆ ಹರಿವಾಣದಲ್ಲಿ ಧಾರೆಸೀರೆ ತಂದು ನೀಲಾವತಿಯ ಕೈಗೆ ಕೊಟ್ಟಳು. ಗಿಳಿಹಸಿರು ಬಣ್ಣ, ಕುಂಕುಮ ಬಣ್ಣದ ಅಂಚು.

"ಮದುಮಗಳಿಗೆ ಉಡಿಸಿ ಕರೆದುಕೊಂಡು ಬನ್ನಿ," ಎಂದ ಹುಕ್ರಪ್ಪ.

ಈ ಮದುವೆಯಲ್ಲೂ ಮದುಮಗಳು ಹೊರಡಲು ಹೊತ್ತು ಕೊಡಬೇಕು. ನೀಲಾವತಿ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿ ಸೀರೆಯ ಮಡಿಕೆ ಬಿಚ್ಚಿದಳು. ಮಣೆಯ ಮೇಲೆ ಅದನ್ನು ಹರಡಿ ನೆರಿಗೆ ಹಿಡಿದಳು, ಸೆರಗು ತೆಗೆದಳು, ಬಳೆ ಇಟ್ಟಳು, ಮಲ್ಲಿಗೆ ಇಟ್ಟಳು. ಎಷ್ಟು ಎತ್ತರಕ್ಕೆ ನೆರಿಗೆ ಹಿಡಿಯಬೇಕೆಂದು ಗೊತ್ತಾಗದೆ ಕೈ ನಿಂತಿತು. ಕೊನೆಗೆ ತನ್ನ ಎತ್ತರಕ್ಕೇ ಹಿಡಿದಳು. ಹೊರಗೆ ಹುಕ್ರಪ್ಪ ಕೂಗುವುದು ಕೇಳಿತು: "ಬೇಗ ಹೊರಡ್ಲಿ ಮಾರಾಯ್ರೆ! ಮದುಮಗ ಕೂತು ಕೂತು ಬೆವರಿದ್ದಾನೆ!" ಯಾರೋ ನಕ್ಕರು. ಗುಲಾಬಿಯ ಗಂಡ, "ಅವನಿಗೆ ಅವಸರ ಇಲ್ಲ, ಊಟದ ಅವಸರ ನಿಮಗೇ ಇರುವುದು," ಎಂದ. ನೀಲಾವತಿಯೂ ನಕ್ಕಳು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ನಗುವಾಗ ಜೊತೆಯಲ್ಲಿ ಇನ್ನೊಬ್ಬಳು ಇದ್ದಾಳೆ ಎಂದೇ ಅವಳಿಗೆ ಅನಿಸಿತು.

ಅಷ್ಟರಲ್ಲಿ ಕಾರಿನ ಸದ್ದಾಯಿತು. ಬಾಗಿಲು ಬಡಿದ ಸದ್ದು. ದಿಬ್ಬಣದ ನೆಂಟರು ಇನ್ನಷ್ಟು ಮಂದಿ ಬಂದಿರಬೇಕು ಎಂದುಕೊಂಡಳು. ಹೊರಗೆ ದಿಬ್ಬಣದವರು ಹುಡುಗಿಯ ಕಡೆಯವರು ಎಂದುಕೊಂಡರು, ಸಂಕಪ್ಪ ಹುಡುಗನ ಕಡೆಯವರು ಎಂದುಕೊಂಡ. ಗೇಟಿನಲ್ಲಿ ನಿಂತು ತಿರುಗಿಸಿ ಕಳುಹಿಸುತ್ತಿದ್ದ ಮನೀಷ್ ಮಾಣಿಯಲ್ಲಿದ್ದ.

ನೀಲಾವತಿ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹೊಸ್ತಿಲು ದಾಟಿದಳು. ಮದುಮಗಳ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿದ್ದಳು.

ತಲೆ ತಗ್ಗಿಸಿ, ಒಂದು ಕೈ ಹಣೆಗೆ ಕೊಟ್ಟು, ಇನ್ನೊಂದು ಕೈಯನ್ನು ಕುರ್ಚಿಯ ಕೈ ಮೇಲೆ ಇಟ್ಟು ಕೂತಿದ್ದಳು. ಉದ್ದ ಜಡೆ, ಬೆವರಿಗೆ ಕುತ್ತಿಗೆಗೆ ಅಂಟಿದ ಕೂದಲು. ಪಕ್ಕದ ಕುರ್ಚಿಯಲ್ಲಿ ಯತೀಶನ ಬಟ್ಟೆ.  ನೀಲಾವತಿ ಅಲ್ಲೇ ನಿಂತಳು. ಒಂದು ಗಳಿಗೆ, ಒಂದೇ ಗಳಿಗೆ, ಅವಳು ಏನನ್ನು ನಂಬಿದಳೆಂದು ಆಮೇಲೆ ಯಾರಿಗೂ ಹೇಳಲಿಲ್ಲ.

ಹುಡುಗಿ ತಲೆ ಎತ್ತಿದಳು. "ಸಾರಿ ಆಂಟಿ, ಘಾಟಿಯಲ್ಲಿ ತುಂಬಾ ತಲೆ ಸುತ್ತು ಬಂತು. ಒಂದೈದು ನಿಮಿಷ ಕೂತ್ಕೊಂಡು ಎದ್ದುಬಿಡ್ತೀನಿ." ಸುತ್ತ ನೋಡಿ ಮಾವಿನೆಲೆ, ಹೂವು ಕಂಡು ಮುಖ ಅರಳಿಸಿದಳು. "ಎಷ್ಟು ಚೆನ್ನಾಗಿ ಅಲಂಕಾರ ಮಾಡಿದ್ದೀರಾ! ಹೋಮ್‌ಸ್ಟೇಯಲ್ಲಿ ಮದುವೆನಾ? ಮದುಮಗಳು ಎಲ್ಲಿ?"

ಗೇಟಿನ ಹತ್ತಿರ ಅವಳ ಜೊತೆಯವರು ಕಾರಿನಿಂದ ಚೀಲ ಇಳಿಸುತ್ತಿದ್ದರು.

"ಮಗಾ," ಹುಕ್ರಪ್ಪ ಹತ್ತಿರ ಬಂದು ಕೇಳಿದ, "ನಿನಗೆ ಮದುವೆ ಆಗಿದೆಯಾ?"

"ಅಯ್ಯೋ, ಇಲ್ಲ ಅಂಕಲ್! ಯಾಕೆ, ಹುಡುಗ ಇದ್ದಾನಾ?" ಎಂದು ಅವಳು ನಕ್ಕಳು. ಗುಲಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವಿಮಲಕ್ಕ ಎದ್ದು ನಿಂತವರು ಕಂಬ ಹಿಡಿದುಕೊಂಡರು. "ಇವರು ನಮ್ಮ ಮನೆಗೆ ಬಂದವರು," ಎಂದರು. "ದೇವರೇ, ಇವರು ನಮ್ಮ ಮನೆಗೇ ಬಂದವರು." ಅವರು ಫೋನು ತೆಗೆದು ಮಗನಿಗೆ ಮಾಡಿದರು. ರಿಷಭನ ಧ್ವನಿ ಎಲ್ಲರಿಗೂ ಕೇಳಿಸಿತು. "ಬಂದ್ ಮಾಡಿದ್ದೆ ಅಮ್ಮ, ನಿನ್ನೆಯ ದಿನಕ್ಕೆ ಮಾಡಿದ್ದೆನಲ್ಲ. ಆಟಿ ಹದಿನೆಂಟು ನಿನ್ನೆ ಅಲ್ವಾ?" ಅವನು ಸಂಕ್ರಮಣದ ದಿನವನ್ನೇ ಆಟಿಯ ಒಂದನೇ ದಿನವೆಂದು ಹಿಡಿದಿದ್ದ. ಇಲ್ಲಿಯವರಿಗೆ ಸಂಕ್ರಮಣ ಹಿಂದಿನ ತಿಂಗಳ ಕೊನೆ. ಮರುದಿನದಿಂದ ಹೊಸ ತಿಂಗಳು. ಇಂಗ್ಲಿಷ್ ತಾರೀಕನ್ನಾಗಲಿ ವಾರವನ್ನಾಗಲಿ ಅವನಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದ ಲಾಗಾಯ್ತು ಈ ಊರಿನಲ್ಲಿದ್ದವರಿಗೆ ಅದನ್ನು ಹೇಳಬೇಕೆಂದೇ ಹೊಳೆದಿರಲಿಲ್ಲ.

ಹುಕ್ರಪ್ಪ ಹಿರಿಯರನ್ನು ಬಾವಿಕಟ್ಟೆಯ ಕಡೆಗೆ ಕರೆದ.

"ಎರಡು ದಾರಿ ಉಂಟು," ಎಂದ. "ಕುರ್ಚಿಗೆ ನೀರು ಚಿಮುಕಿಸಿ ಈಗಲೇ ಧಾರೆ ಎರೆದು ಮುಗಿಸಬಹುದು. ಆದರೆ ಹುಡುಗ ತನ್ನ ಪಕ್ಕದಲ್ಲಿ ಯಾರನ್ನು ಕಂಡ ಅಂತ ನಾನು ಹೇಳ್ಲಿಕ್ಕೆ ಆಗುವುದಿಲ್ಲ. ಜೀವ ಇರುವ ಹುಡುಗಿ, ಮದುವೆ ಆಗದವಳು. ಧಾರೆಯ ನೀರು ಬಿದ್ದ ಮೇಲೆ ಅವನು ಅವಳ ಹಿಂದೆ ಹೋದರೆ ತಿರುಗಿ ಕರೆಯುವ ಶಕ್ತಿ ನನಗಿಲ್ಲ. ಇನ್ನೊಂದು, ಇಲ್ಲಿಗೇ ಬಿಡುವುದು. ಬಿಟ್ಟರೆ ಈ ಸಂಬಂಧ ಮುಗಿಯಿತು. ಎದ್ದು ಹೋದ ಮದುಮಗನನ್ನು ಅದೇ ಚಪ್ಪರಕ್ಕೆ ಮತ್ತೆ ಕರೆಯುವ ಕ್ರಮ ಇಲ್ಲ."

"ಎರೆದು ಮುಗಿಸುವ," ಎಂದ ಸಂಕಪ್ಪ.  "ಅವಳು ಯಾರೋ ಏನೋ. ಆದಿತ್ಯವಾರ ಹೋಗ್ತಾಳೆ. ಅವಳಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಮಗಳು ಎಷ್ಟು ವರ್ಷ ನಿಲ್ಲುವುದು?"

ಗುಲಾಬಿ ಗಂಡನ ಮುಖ ನೋಡಿದಳು. "ನಾವು ಬೇಡ ಅಂತ ಹೇಳುವುದಿಲ್ಲ ಅಕ್ಕ. ನನಗೂ ಮಗನನ್ನು ವಾಪಸು ಕರೆದುಕೊಂಡು ಹೋಗುವ ಮನಸ್ಸಿಲ್ಲ. ನಿಮ್ಮ ಮನೆ, ನೀವು ಹೇಳಿ."

ನೀಲಾವತಿಯ ಕೈಯಲ್ಲಿ ಇನ್ನೂ ಸೀರೆ ಇತ್ತು. ಚಪ್ಪರದಲ್ಲಿ ಯಾರೋ ಹುಡುಗಿಗೆ ಒಂದು ಲೋಟ ನೀರು ಕೊಟ್ಟಿದ್ದರು. ಅವಳು ಗಟಗಟನೆ ಕುಡಿದು, ಬಾಯಿ ಒರೆಸಿ, ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಎಲ್ಲರೂ ದೂರ ಹೋಗಿ ಪಿಸುಗುಡುವುದನ್ನು ಕಂಡು ಅವಳ ನಗು ಇಳಿದಿತ್ತು. ಏನೋ ತಪ್ಪಾಗಿದೆ ಎಂದು ಗೊತ್ತಾಗಿ, ಏನೆಂದು ಗೊತ್ತಾಗದ ಮಕ್ಕಳ ಮುಖ.

"ಬೇಡ," ಎಂದಳು ನೀಲಾವತಿ.

"ಏನು ಬೇಡ? ನೀಲಾ, ಯೋಚನೆ ಮಾಡಿ ಮಾತಾಡು," ಎಂದ ಸಂಕಪ್ಪ.

"ಆ ಹುಡುಗಿಯನ್ನು ಹೊತ್ತು ಹೆತ್ತವಳು ಒಬ್ಬಳು ಎಲ್ಲೋ ಇದ್ದಾಳಲ್ಲ. ಮಗಳು ಊರು ತಲುಪಿದಳಾ ಅಂತ ಈಗ ಫೋನು ಹಿಡಿದು ಕೂತಿರಬಹುದು." ಅವಳು ಸೀರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಮಾಡಿದಳು. "ನನ್ನ ಮಗಳ ಮದುವೆಗೆ ಇನ್ನೊಬ್ಬಳ ಮಗಳನ್ನು ಪಣಕ್ಕೆ ಇಡ್ಲಿಕ್ಕೆ ನನಗೆ ಆಗುವುದಿಲ್ಲ. ಸುರಕ್ಷಾ ಕೂಡ ಒಪ್ಪುವವಳಲ್ಲ."

ಸುರಕ್ಷಾ ಒಪ್ಪುವವಳೋ ಅಲ್ಲವೋ ಯಾರಿಗೆ ಗೊತ್ತು. ಆದರೆ ತಾಯಿ ಹೇಳಿದ ಮೇಲೆ ಯಾರೂ ಎದುರಾಡಲಿಲ್ಲ. ಸಂಕಪ್ಪ ಬಾವಿಕಟ್ಟೆಯ ಮೇಲೆ ಕೂತು ಮುಖ ಆಚೆ ಮಾಡಿದ.

ನೀಲಾವತಿ ಚಪ್ಪರಕ್ಕೆ ಬಂದು ಹುಡುಗಿಯ ಕೈಯಿಂದ ಲೋಟ ತೆಗೆದುಕೊಂಡಳು. "ಏಳು ಮಗಾ. ನಿಮ್ಮ ಮನೆ ಮುಂದಿನ ಗೇಟು. ಹೋಗಿ ಉಪ್ಪು ಹಾಕಿ ಲಿಂಬೆ ಪಾನಕ ಕುಡಿದು ಮಲಗು. ಸರಿ ಆಗ್ತದೆ."

"ನಾವು ನಿಮ್ಮ ಫಂಕ್ಷನ್ ಹಾಳು ಮಾಡಿದ್ವಾ ಆಂಟಿ?"

"ಇಲ್ಲ."

"ಮದುಮಗಳು ಇನ್ನೂ ರೆಡಿ ಆಗಿಲ್ವಾ?"

"ಇಲ್ಲ ಮಗಾ," ಎಂದಳು ನೀಲಾವತಿ. "ಇನ್ನೂ ಹೊರಡ್ಲಿಕ್ಕೆ ಉಂಟು."

ವಿಮಲಕ್ಕ ಹುಡುಗಿಯ ಭುಜ ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋದರು. ಅವಳು ಎರಡು ಸಲ ಹಿಂದೆ ತಿರುಗಿ ನೋಡಿದಳು. ಅವಳ ಹೆಸರೇನೆಂದು ಯಾರೂ ಕೇಳಲಿಲ್ಲ.

ಆಮೇಲೆ ಉಳಿದದ್ದು ಸೀರೆ. "ಇರಲಿ ಅಕ್ಕ, ಅವಳಿಗೆ ಅಂತ ತಂದದ್ದು," ಎಂದಳು ಗುಲಾಬಿ. ಹುಕ್ರಪ್ಪ ತಲೆ ಅಲ್ಲಾಡಿಸಿದ. ಧಾರೆಯಾಗದೆ ಗಂಡಿನ ಕಡೆಯ ಸೀರೆ ಹೆಣ್ಣಿನ ಮನೆಯಲ್ಲಿ ಉಳಿಯಬಾರದು. ನೀಲಾವತಿ ಅದನ್ನು ಒಳಕೋಣೆಗೆ ಒಯ್ದಳು. ತನ್ನ ಎತ್ತರಕ್ಕೆ ಹಿಡಿದಿದ್ದ ನೆರಿಗೆಗಳನ್ನು ಬಿಡಿಸಿದಳು. ಅಂಗಡಿಯವರು ಹಾಕಿದ ಮಡಿಕೆಯ ಗೆರೆಗಳನ್ನು ಹುಡುಕಿ ಹುಡುಕಿ, ಅದೇ ಗೆರೆಯಲ್ಲಿ ಮಡಚಿದಳು. ಬಿಚ್ಚಲೇ ಇಲ್ಲವೇನೋ ಎಂಬಂತೆ ಅದನ್ನು ಹರಿವಾಣದಲ್ಲಿಟ್ಟು ಗುಲಾಬಿಯ ಕೈಗೆ ಕೊಟ್ಟಳು. ಎರಡು ಎಸಳು ಮಲ್ಲಿಗೆ ಮಡಿಕೆಯೊಳಗೆ ಉಳಿದಿತ್ತು. ಅದನ್ನು ಅವಳು ಕಂಡಿದ್ದಳು, ತೆಗೆಯಲಿಲ್ಲ.

ಗುಲಾಬಿ ಮಗನ ಬಟ್ಟೆಯನ್ನು ಎತ್ತಿಕೊಂಡಳು. ದಿಬ್ಬಣದವರು ಊಟ ಮಾಡದೆ ಹೊರಟರು. ಇಂಥ ಹೊತ್ತಿನಲ್ಲಿ ಉಣ್ಣಿ ಎಂದು ಹೇಳುವ ಹಾಗೂ ಇರಲಿಲ್ಲ. ಆ ಮದುವೆಯ ಊಟ ಉಂಡವರು ವಿಮಲಕ್ಕ ಒಬ್ಬರೇ.

ಪಡುಮನೆಯಲ್ಲಿ ದೀಪ ಹತ್ತಿತು. ಆ ಹುಡುಗಿ ಏನು ಹೇಳಿದ್ದಳೋ, ಆ ದಿನ ಅಲ್ಲಿ ಸ್ಪೀಕರು ಹಾಕಲಿಲ್ಲ. ಯಾರೂ ಕೂಗಲಿಲ್ಲ. ನೀಲಾವತಿಗೆ ಆ ಮೌನ ಬೇಕಾಗಿದ್ದ ಹೊತ್ತು ಮುಗಿದಿತ್ತು.

ಮರುವಾರ ರಿಷಭ್ ತಾನೇ ಬಂದು ಕೈ ಮುಗಿದ. ಮನೀಷನಿಗಿಂತ ನಾಲ್ಕು ವರ್ಷ ದೊಡ್ಡವನು, ಇದೇ ಅಂಗಳದಲ್ಲಿ ಗೋಲಿ ಆಡಿದವನು. "ನನಗೆ ಲೆಕ್ಕ ತಪ್ಪಿತು ನೀಲಕ್ಕ," ಎಂದ. "ಗೊತ್ತುಂಟು ಮಗಾ," ಎಂದಳು ನೀಲಾವತಿ. ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತು ಅವನ ಮುಖ ನೋಡುವಾಗ ಬಾಯಿಗೆ ಬರಲಿಲ್ಲ. ಅವನು ತುಳಸಿಕಟ್ಟೆಯ ಹತ್ತಿರ ನಿಂತು ಫೋನಿನಲ್ಲಿ ಏನೇನೋ ಒತ್ತಿ ಮ್ಯಾಪಿನ ಗುರುತನ್ನು ಪಡುಮನೆಗೆ ಸರಿಸಿದ. ಕುರ್ಚಿಗಳನ್ನು ಒಯ್ಯಲು ಹೊರಟಾಗ ಸಂಕಪ್ಪ, "ಒಂದು ಇಲ್ಲೇ ಇರಲಿ," ಎಂದ. ರಿಷಭ್ ಒಂದನ್ನು ಮಾತ್ರ ಹೊತ್ತುಕೊಂಡು ಹೋದ.

ಆ ಮೇಲೆ ಕಾರುಗಳು ಈ ಗೇಟಿಗೆ ಬರುವುದು ನಿಂತಿತು. ಶುಕ್ರವಾರ ಸಂಜೆ ಇಳಿಜಾರಿನಲ್ಲಿ ಬೆಳಕು ತಿರುಗುವಾಗ ನೀಲಾವತಿಯ ತಲೆ ತನ್ನಷ್ಟಕ್ಕೆ ಮೇಲಾಗುವುದು. ಬೆಳಕು ನೆಟ್ಟಗೆ ಮುಂದಿನ ಗೇಟಿಗೆ ಹೋಗುವುದು. ಅವಳು ಮತ್ತೆ ಎಲೆಗೆ ಪುಡಿ ಹಾಕಿ ಸುರುಳಿ ಸುತ್ತುವಳು. ಜಗಲಿಯ ಮೂಲೆಯಲ್ಲಿ ಮರದ ಕುರ್ಚಿ ಇತ್ತು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಸಂಕಪ್ಪ ಬೆನ್ನುನೋವು ಇದ್ದರೂ ನೆಲದಲ್ಲೇ ಕೂರುತ್ತಿದ್ದ.

ಮುಂದಿನ ಆಟಿ ಬಂತು. ಒಂದು ಸಂಜೆ ಹುಕ್ರಪ್ಪ ಬಂದು ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡ. ಹೇಳಬೇಕಾದದ್ದನ್ನು ಅತ್ತ ಇತ್ತ ಸುತ್ತಿಸಿ ಕೊನೆಗೆ ಹೇಳಿದ. ಪುಂಜಾಲಕಟ್ಟೆಯ ಹುಡುಗನಿಗೆ ಸಂಬಂಧ ಕೂಡಿ ಬಂತು. ಮಾಣಿಯ ಹತ್ತಿರದ ಒಂದು ಮನೆ. ಮೊನ್ನೆ ಮುಗಿಯಿತು. ಚೆನ್ನಾಗಿಯೇ ಆಯಿತು.

ನೀಲಾವತಿ ಕಟ್ಟಿದ ಬೀಡಿಯನ್ನು ಮೊರದಲ್ಲಿಟ್ಟಳು.

"ಆ ಹುಡುಗಿ ಹೋದದ್ದು ಹೇಗಂತೆ?"

"ಹುಟ್ಟುವಾಗಲೇ, ಪಾಪ."

"ಹಾಂ." ಅವಳು ಇನ್ನೊಂದು ಎಲೆ ಎತ್ತಿಕೊಂಡಳು. "ಸೀರೆ? ಅದೇ ಸೀರೆಯಾ, ಹುಕ್ರಪ್ಪಣ್ಣ?"

ಹುಕ್ರಪ್ಪ ಬಾಯಿಯ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿದ. ಸುಳ್ಳು ಹೇಳಬಹುದಿತ್ತು.

"ಅದೇ," ಎಂದ. "ಗಿಳಿಹಸಿರು."

ನೀಲಾವತಿ ತಲೆಯಾಡಿಸಿದಳು. ಇಳಿಜಾರಿನಲ್ಲಿ ಒಂದು ಕಾರು ತಿರುಗಿತು. ಅದರ ಬೆಳಕು ಜಗಲಿಯ ಮೇಲೆ ಹರಿದು, ಕುರ್ಚಿಯ ನೆರಳನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಮುಂದಿನ ಗೇಟಿಗೆ ಹೋಯಿತು. "ಮೈಬಣ್ಣ ಬಿಳಿ ಇರುವವರಿಗೆ ಅದು ಒಪ್ತದೆ," ಎಂದಳು ಅವಳು. "ನಮ್ಮವಳಿಗೂ ಒಪ್ತಿತ್ತು."